ಬಂಧನದ ನಂತರದ ಮೊದಲ ಹಾಜರಿ: 24 ಗಂಟೆಯ ಲೆಕ್ಕ

ಸಂವಿಧಾನದ 22(2)ನೇ ವಿಧಿಯ ಪ್ರಕಾರ ಬಂಧಿತ ವ್ಯಕ್ತಿಯನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಅವಧಿ ಇದರಲ್ಲಿ ಸೇರದು. ಆದರೆ ಭಾನುವಾರ ಸೇರುತ್ತದೆ. ಶನಿವಾರ ರಾತ್ರಿ ಹಿಡಿದವನನ್ನು ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುವುದು ಇದಕ್ಕಾಗಿಯೇ. ಶತ್ರುದೇಶದ ಪ್ರಜೆಗೂ ಮುಂಜಾಗ್ರತಾ ಬಂಧನಕ್ಕೊಳಗಾದವರಿಗೂ ಈ ರಕ್ಷಣೆಯಿಲ್ಲ.

ಮೊದಲ ಹಾಜರಿಯ ದಿನ ವಿಚಾರಣೆ ನಡೆಯುವುದಿಲ್ಲ, ತಪ್ಪೊಪ್ಪುತ್ತೀಯಾ ಎಂದು ಕೇಳುವುದೂ ಇಲ್ಲ; ಅದು ದೋಷಾರೋಪ ಹೊರಿಸುವ ಹಂತದ ಮಾತು. ಸಿನಿಮಾ ನೋಡಿ ಪರೀಕ್ಷೆಯಲ್ಲಿ ಉತ್ತರಿಸಿದರೆ ಅಂಕ ಹೋಯಿತು. ಮ್ಯಾಜಿಸ್ಟ್ರೇಟರು ರಿಮಾಂಡ್ ಅರ್ಜಿ, ವೈದ್ಯಕೀಯ ವರದಿ ನೋಡುತ್ತಾರೆ. ‘ಪೊಲೀಸರು ಹೊಡೆದರೇ? ವಕೀಲರಿದ್ದಾರೆಯೇ?’ ಎಂದು ಆರೋಪಿಯನ್ನೇ ಕೇಳುತ್ತಾರೆ. ವಕೀಲರ ನೆರವು ಪಡೆಯುವ ಹಕ್ಕನ್ನು ಮೊದಲ ಹಾಜರಿಯಲ್ಲೇ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಕಸಬ್ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟ್ ಹೇಳಿದೆ. ಬಳಿಕ ಜಾಮೀನು, ಪೊಲೀಸ್ ಕಸ್ಟಡಿ ಅಥವಾ ನ್ಯಾಯಾಂಗ ಬಂಧನದ ಆದೇಶ.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ 57 ಮತ್ತು 167ನೇ ಕಲಂಗಳ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58 ಮತ್ತು 187 ಬಂದಿವೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನವೇ. ಆದರೆ ಈಗ ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ತುಂಡುತುಂಡಾಗಿಯೂ ಪಡೆಯಬಹುದು. 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ, ಜಾಮೀನು ಒದಗಿಸಲು ಸಿದ್ಧನಿರುವ ಆರೋಪಿಗೆ ಬಿಡುಗಡೆ ಹಕ್ಕಾಗುತ್ತದೆ.