ನೌಬಾದದ ನೆಲದಡಿಯ ಹಾದಿ

ಬೀದರ ನಗರಕ್ಕೆ ಅಂಟಿಕೊಂಡಿರುವ ನೌಬಾದವು ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದು, ಇಂದು ನಗರದೊಡನೆ ಬೆರೆತುಹೋಗಿದೆ. ಸಂತೆಗೆ, ಶಾಲೆಗೆ, ಕಚೇರಿಗೆ ನಡೆಯುವ ಜನರ ಪಾದಗಳ ಕೆಳಗೆ ಬಹಮನಿ ಅರಸರ ಕಾಲದ ಜಲಮಾರ್ಗವೊಂದು ಹಾದುಹೋಗಿದೆ. ಪಾರಸಿಯಲ್ಲಿ ಇದಕ್ಕೆ ಕರೇಜ್ ಎಂದು ಹೆಸರು. ಜನರ ಬಾಯಲ್ಲಿ ಇದು ಸುರಂಗ ಬಾವಿ.

15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿಯು ಕಲಬುರಗಿಯಿಂದ ಬೀದರಕ್ಕೆ ಬಂದಾಗ ಎತ್ತರದ ಪ್ರಸ್ಥಭೂಮಿಯ ಮೇಲಿನ ಜನಕ್ಕೆ ನೀರು ಒದಗಿಸುವುದು ಸುಲಭದ ಮಾತಾಗಿರಲಿಲ್ಲ. ಈ ನೆಲದ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ರಂಧ್ರಗಳಿಂದ ಕೂಡಿದ ಅದು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಅದರ ಅಡಿಯಲ್ಲಿರುವ ಗಟ್ಟಿ ಪದರವು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಎರಡೂ ಪದರಗಳು ಕೂಡುವಲ್ಲಿ ನೀರು ನಿಲ್ಲುತ್ತದೆ. ಎತ್ತರದಲ್ಲಿ ಒಂದು ತಾಯಿಬಾವಿಯನ್ನು ತೋಡಿ, ಅಲ್ಲಿಂದ ಅತ್ಯಲ್ಪ ಇಳಿಜಾರಿನಲ್ಲಿ ಸುರಂಗವನ್ನು ಕೊರೆದರೆ, ರಾಟೆಯಾಗಲಿ ಎತ್ತಾಗಲಿ ಇಲ್ಲದೆಯೇ ನೀರು ತಾನಾಗಿ ಹರಿದು ಹೊರಬರುತ್ತದೆ. ಅಲ್ಲಲ್ಲಿ ನೆಟ್ಟಗೆ ಇಳಿಸಿದ ಗಾಳಿಕಂಡಿಗಳು ಅಗೆಯುವವರಿಗೆ ಗಾಳಿ ಬೆಳಕುಗಳನ್ನು ಕೊಡುತ್ತಿದ್ದವು. ಅಗೆದ ಮಣ್ಣು ಹೊರಗೆ ಬರುತ್ತಿದ್ದುದೂ ಅವುಗಳಿಂದಲೇ.

ಮಹಮೂದ ಗವಾನನು ಬೀದರದಲ್ಲಿ ಮದರಸಾ ಕಟ್ಟಿಸಿದ್ದು 1472ರಲ್ಲಿ, ಅವನು ಮರಣದಂಡನೆಗೆ ಗುರಿಯಾದದ್ದು 1481ರಲ್ಲಿ ಎಂಬುದು ಇತಿಹಾಸದಲ್ಲಿ ಭದ್ರವಾಗಿ ಉಳಿದಿದೆ. ಆದರೆ ದೀಪದ ಬೆಳಕಿನಲ್ಲಿ ಬೆನ್ನು ಬಾಗಿಸಿ ಈ ಸುರಂಗವನ್ನು ಅಗೆದವರ ಹೆಸರುಗಳನ್ನು ಯಾವ ಶಾಸನವೂ ಹೇಳುವುದಿಲ್ಲ. ಅಗೆದವರು ಮರೆಯಾದುದು ಸಹಜವೆಂದೇ ಇಟ್ಟುಕೊಳ್ಳೋಣ. ಅಗೆದುದೂ ಮರೆಯಾದ ಬಗೆ ಮಾತ್ರ ವಿಚಾರಯೋಗ್ಯ.

ನಲ್ಲಿಗಳು ಬಂದವು, 1972ರ ಬರಗಾಲದ ತರುವಾಯ ಕೊಳವೆಬಾವಿಗಳು ಊರೂರಿಗೆ ಹಬ್ಬಿದವು. ಕಾರಂಜಾ ಜಲಾಶಯದ ನೀರು ನಗರಕ್ಕೆ ಹರಿದು ಬಂದಿತು. ಇದರಲ್ಲಿ ತಪ್ಪೇನಿಲ್ಲ, ಕೊಡ ಹೊತ್ತು ನಡೆದ ತಾಯಂದಿರ ಶ್ರಮವು ಇದರಿಂದ ಹಗುರವಾಯಿತು. ಆದರೆ ನಿತ್ಯದ ಬಳಕೆ ತಪ್ಪಿದೊಡನೆ ನಿತ್ಯದ ಎಚ್ಚರವೂ ತಪ್ಪಿತು. ಗಾಳಿಕಂಡಿಗಳು ಕಸದ ಗುಂಡಿಗಳಾದವು. ಕೆಲವು ಮುಚ್ಚಿಹೋದವು. ಮೇಲ್ಗಡೆಯ ಒಂದು ಕಂಡಿಗೆ ಒಬ್ಬನು ಸುರಿದ ಕಸವು ಕೆಳಗಡೆಯ ಹತ್ತು ಮನೆಗಳ ನೀರಿಗೆ ಅಡ್ಡವಾಗುತ್ತದೆ. ಸುರಿದವನಿಗೆ ಅದು ಕಾಣುವುದೇ ಇಲ್ಲ.

ಭೂಗೋಳ ವಿದ್ವಾಂಸ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರ ಅಧ್ಯಯನವು ಇದರತ್ತ ಮತ್ತೆ ಗಮನ ಸೆಳೆಯಿತು. 2015ರಲ್ಲಿ ಹೂಳೆತ್ತುವ ಕೆಲಸ ಆರಂಭವಾಗಿ 27 ಕಂಡಿಗಳು ಬೆಳಕಿಗೆ ಬಂದವು. ಮರುವರ್ಷ, 2016ರ ಏಪ್ರಿಲ್ ತಿಂಗಳಲ್ಲಿ, ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಆ ರೈಲಿನ ಸುದ್ದಿಯನ್ನು ಕೇಳಿದ ಬೀದರದ ಜನರಿಗೆ ನೌಬಾದದ ಹೂಳು ಬರಿಯ ಪುರಾತತ್ತ್ವದ ವಿಷಯವಾಗಿ ತೋರಿರಲಾರದು.

ಕಾಸರಗೋಡು, ದಕ್ಷಿಣ ಕನ್ನಡಗಳ ಅಡಕೆ ತೋಟಗಳಲ್ಲಿಯೂ ಜಂಬಿಟ್ಟಿಗೆಯ ಗುಡ್ಡಗಳನ್ನು ಕೊರೆದ ಸುರಂಗಗಳಿವೆ. ಅವು ಬಹುಮಟ್ಟಿಗೆ ಒಂದೊಂದು ಮನೆತನದ ಸೊತ್ತು. ಮಣ್ಣು ಕುಸಿದರೆ ತೋಟದ ಯಜಮಾನನೇ ಗುದ್ದಲಿ ಹುಡುಕಬೇಕು. ನೌಬಾದದ್ದು ಊರಿನ ಸೊತ್ತು. ಊರಿನ ಸೊತ್ತಿಗೆ ಗುದ್ದಲಿ ಹಿಡಿಯುವವರು ಯಾರು? ಹೂಳೆತ್ತುವ ಕೆಲಸವನ್ನು ಒಮ್ಮೆ ಸರಕಾರದ ಹಣದಿಂದ ಮಾಡಿಸಬಹುದು, ಛಾಯಾಚಿತ್ರವನ್ನೂ ತೆಗೆಯಬಹುದು. ಆದರೆ ಪ್ರತಿ ಮಳೆಗಾಲದಲ್ಲಿಯೂ ಕಂಡಿಗಳ ಬಾಯಿಂದ ಕೆಂಪು ಮಣ್ಣು ಇಳಿಯುತ್ತಲೇ ಇರುತ್ತದೆ. ಅದನ್ನು ತೆಗೆಯಲು ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಒಳಗೆ ಇಳಿಯಲೇಬೇಕು. ಮೇಲೆ ನಿಂತು ಬುಟ್ಟಿಯ ಹಗ್ಗವನ್ನು ಎಳೆಯಲು ನಾಲ್ಕು ಜನ ಬೇಕು.