ಮಂದ್ರದ ಕಹಳೆಗೆ ತಂತಿ ಜೋಡಿಸುವ ಕ್ರಮ

ಶಾಲೆಯ ವಾರ್ಷಿಕೋತ್ಸವದ ದಿನ ವೇದಿಕೆಯ ಬಳಿ ಆಳೆತ್ತರದ ಮರದ ಪೆಟ್ಟಿಗೆಗಳು ನಿಲ್ಲುವುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಕಂಡಿದ್ದಾರೆ. ಮದ್ದಳೆಯ ಗುಂಕಾರವು ಎದೆಗೆ ತಟ್ಟುವಂತೆ ಕೇಳಿಸುವುದು ಇವುಗಳಿಂದಲೇ. ಕೆಲವು ವರ್ಷಗಳ ಹಿಂದೆ ಇಂತಹ ಎರಡು ಪೆಟ್ಟಿಗೆಗಳನ್ನು ನಾವು ಬಾಡಿಗೆಗೆ ತಂದು, ಒತ್ತೊತ್ತಾಗಿ ಇಟ್ಟು, ನಾವೇ ತಂತಿ ಜೋಡಿಸಿದೆವು. ಒಂದನ್ನೇ ನುಡಿಸಿದಾಗ ಗಂಭೀರವಾಗಿದ್ದ ನಾದವು ಎರಡನ್ನೂ ಕೂಡಿಸಿದೊಡನೆ ಸೊರಗಿಹೋಯಿತು. ಯಂತ್ರದ ಬಲ ಸಾಲದೆಂದು ಭಾವಿಸಿ ಗುಂಡಿಯನ್ನು ಮತ್ತಷ್ಟು ತಿರುಗಿಸಿದೆವು. ನಾದ ಹೆಚ್ಚಲಿಲ್ಲ, ಆಂಪ್ಲಿಫಾಯರು ಮಾತ್ರ ಕಾದು ನಿಂತಿತು. ಇನ್ನೂ ದೊಡ್ಡ ಯಂತ್ರವನ್ನು ತರಿಸಲು ನಾವು ಹಣವನ್ನು ಎಣಿಸುತ್ತಿರುವಾಗ, ಪ್ರೌಢಶಾಲೆಯ ಹುಡುಗನೊಬ್ಬನು ಬಂದು, "ಸಾರ್, ಹಣ ಬೇಡ, ತಂತಿಗಳನ್ನು ಒಮ್ಮೆ ನೋಡೋಣ" ಎಂದನು. ಆ ದಿನ ನಾವು ಮಾಡಿದ್ದ ತಪ್ಪುಗಳು ಎರಡು. ಅವು ಯಾವುವೆಂಬುದನ್ನು ತಿಳಿಯುವುದಕ್ಕೆ ಮೊದಲು ಈ ಪೆಟ್ಟಿಗೆಯ ಒಳಗೇನಿದೆಯೆಂಬುದನ್ನು ಅರಿಯಬೇಕು.

ಗದ್ದೆಯ ಆಚೆಗಿರುವವರನ್ನು ಕರೆಯುವಾಗ ನಾವು ಎರಡು ಕೈಗಳನ್ನು ಬಾಯಿಗೆ ಹಿಡಿಯುತ್ತೇವಷ್ಟೆ. ಕಹಳೆಯ ತತ್ತ್ವವೂ ಇದೇ. ಧ್ವನಿವರ್ಧಕದ ಕಾಗದದ ಪೊರೆಯು ಅಲುಗಿದಾಗ ಹಗುರವಾದ ಗಾಳಿಯು ಪಕ್ಕಕ್ಕೆ ಸರಿದುಬಿಡುತ್ತದೆ. ಪೊರೆಯ ಶಕ್ತಿಯ ಬಹುಭಾಗವು ವ್ಯರ್ಥವಾಗುತ್ತದೆ. ಸಾಮಾನ್ಯ ಪೆಟ್ಟಿಗೆಯಲ್ಲಿ ವಿದ್ಯುಚ್ಛಕ್ತಿಯ ನೂರು ಭಾಗಗಳಲ್ಲಿ ಒಂದೆರಡು ಭಾಗಗಳು ಮಾತ್ರ ನಾದವಾಗುವುವು. ಕಿರಿದಾದ ಕೊರಳಿನಿಂದ ಕ್ರಮವಾಗಿ ಅಗಲವಾಗುವ ಕಹಳೆಯನ್ನು ಪೊರೆಯ ಮುಂದೆ ಇಟ್ಟರೆ ಗಾಳಿಯು ತಪ್ಪಿಸಿಕೊಳ್ಳಲಾರದೆ ಪೊರೆಗೆ ಹಿಡಿತವನ್ನು ಕೊಡುತ್ತದೆ. ಆಗ ನೂರರಲ್ಲಿ ಹತ್ತು ಭಾಗಕ್ಕೂ ಮೀರಿ ನಾದವನ್ನು ಪಡೆಯಬಹುದು.

ಆದರೆ ಮಂದ್ರಸ್ವರದ ಅಲೆಯು ಬಹಳ ಉದ್ದವಾದುದು. ನಮ್ಮ ಸೆಕೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರು ಚಲಿಸುತ್ತದೆ. ಸೆಕೆಂಡಿಗೆ 50 ಕಂಪನಗಳುಳ್ಳ ಸ್ವರದ ತರಂಗಾಂತರವು 350ನ್ನು 50ರಿಂದ ಭಾಗಿಸಿದಾಗ ಬರುವ 7 ಮೀಟರು. ಅದಕ್ಕೆ ತಕ್ಕ ಕಹಳೆಯು ನೇರವಾಗಿದ್ದರೆ ಸಭಾಂಗಣದ ಬಾಗಿಲಿನಲ್ಲಿ ಹಿಡಿಯಲಾರದು. ಆದುದರಿಂದ ಅದನ್ನು ಪೆಟ್ಟಿಗೆಯೊಳಗೆ ಮಡಿಸಿ ಇಡುತ್ತಾರೆ. ಅಮೆರಿಕದ ಪಾಲ್ ಕ್ಲಿಪ್ಶ್ ಎಂಬ ಎಂಜಿನಿಯರು 1940ರ ದಶಕದಲ್ಲಿ ಮಡಿಸಿದ ಕಹಳೆಯನ್ನು ಕೋಣೆಯ ಮೂಲೆಯಲ್ಲಿಟ್ಟು, ಎರಡು ಗೋಡೆಗಳನ್ನೇ ಕಹಳೆಯ ಬಾಯಿಯ ಮುಂದುವರಿಕೆಯಾಗಿ ಬಳಸಿಕೊಂಡನು. ಎರಡು ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಡುವುದರ ಉದ್ದೇಶವೂ ಬಾಯಿಯನ್ನು ಹಿಗ್ಗಿಸುವುದೇ ಆಗಿದೆ.

ಇನ್ನು ನಮ್ಮ ಮೊದಲನೆಯ ತಪ್ಪನ್ನು ನೋಡೋಣ. ಪ್ರತಿ ಪೆಟ್ಟಿಗೆಯ ಬೆನ್ನಿನ ಮೇಲೆ 4 ಓಮ್ ಅಥವಾ 8 ಓಮ್ ಎಂದು ಬರೆದಿರುತ್ತದೆ. ಇದು ವಿದ್ಯುತ್ಪ್ರವಾಹಕ್ಕೆ ಪೆಟ್ಟಿಗೆಯು ಒಡ್ಡುವ ತಡೆ. ಸ್ವರದಿಂದ ಸ್ವರಕ್ಕೆ ಈ ತಡೆಯು ಬದಲಾಗುವುದರಿಂದ ಬರೆದ ಅಂಕಿಯು ಲೆಕ್ಕಕ್ಕೆ ಇಟ್ಟುಕೊಂಡ ಒಂದು ಬೆಲೆ ಮಾತ್ರ. ಮಲ್ಟಿಮೀಟರಿನಿಂದ ಅಳೆದರೆ 8 ಓಮಿನ ಪೆಟ್ಟಿಗೆಯು ಸುಮಾರು 6 ಓಮ್ ತೋರಿಸುತ್ತದೆ, ಅದು ದೋಷವಲ್ಲ. ನಮ್ಮ ಪೆಟ್ಟಿಗೆಗಳು 4 ಓಮಿನವು. ಎರಡನ್ನೂ ಆಂಪ್ಲಿಫಾಯರಿನ ಒಂದೇ ಬಾಯಿಗೆ ಸಮಾಂತರವಾಗಿ ಜೋಡಿಸಿದ್ದೆವು. ಸಮಾಂತರ ಜೋಡಣೆಯಲ್ಲಿ ಪ್ರವಾಹಕ್ಕೆ ಎರಡು ದಾರಿಗಳು ತೆರೆಯುವುದರಿಂದ ತಡೆಯು ಅರ್ಧವಾಗಿ 2 ಓಮಿಗೆ ಇಳಿಯಿತು. ಓಮನ ನಿಯಮದಂತೆ 40 ವೋಲ್ಟಿಗೆ 4 ಓಮಿನಲ್ಲಿ ಹರಿಯುವ ಪ್ರವಾಹವು 10 ಆಂಪಿಯರು. 2 ಓಮಿನಲ್ಲಿ 20 ಆಂಪಿಯರು. ನಮ್ಮ ಯಂತ್ರದ ಮೇಲೆ "ಕನಿಷ್ಠ 4 ಓಮ್" ಎಂಬ ಅರ್ಥದ ಇಂಗ್ಲಿಷ್ ಬರಹವು ಸ್ಪಷ್ಟವಾಗಿಯೇ ಇತ್ತು. ಒಬ್ಬನು ಹೊರುವ ಮೂಟೆಯನ್ನು ಇಮ್ಮಡಿ ಮಾಡಿ, ಅವನು ಬೆವರಿದನೆಂದು ನಾವು ಬೈದಂತಾಯಿತು.

ಸರಣಿಯಾಗಿ, ಎಂದರೆ ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ ಜೋಡಿಸಿದರೆ ತಡೆಗಳು ಕೂಡುತ್ತವೆ. 4 ಮತ್ತು 4 ಸೇರಿ 8 ಓಮ್ ಆಗುವುದು. ಆಗ ಯಂತ್ರಕ್ಕೆ ಅಪಾಯವಿಲ್ಲ. ಆದರೆ ದೊರೆಯುವ ಶಕ್ತಿಯು ಕಡಿಮೆ. 8 ಓಮಿನ ನಾಲ್ಕು ಪೆಟ್ಟಿಗೆಗಳಿದ್ದರೆ ಎರಡೆರಡನ್ನು ಸರಣಿಯಾಗಿ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿ ಮತ್ತೆ 8 ಓಮನ್ನೇ ಪಡೆಯಬಹುದು. ಇದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಲಿ. ನಮ್ಮ ಸಂದರ್ಭದಲ್ಲಿ ಇವಾವುವೂ ಬೇಕಾಗಲಿಲ್ಲ. ಯಂತ್ರಕ್ಕೆ ಎರಡು ಚಾನೆಲ್ಲುಗಳಿದ್ದುವು. ಒಂದೊಂದಕ್ಕೆ ಒಂದೊಂದು ಪೆಟ್ಟಿಗೆಯನ್ನು ಕೊಟ್ಟೊಡನೆ ಅದು ತಣ್ಣಗಾಯಿತು.

ಎರಡನೆಯ ತಪ್ಪು ಧನ ಋಣಗಳದು. ಪೆಟ್ಟಿಗೆಗೂ ಯಂತ್ರಕ್ಕೂ ಕೂಡುಚಿಹ್ನೆಯ ಒಂದು ತುದಿ, ಕಳೆಚಿಹ್ನೆಯ ಒಂದು ತುದಿ ಇರುವುವು. ಒಂದು ಪೆಟ್ಟಿಗೆಯಲ್ಲಿ ನಾವು ಇವನ್ನು ಅದಲುಬದಲು ಮಾಡಿದ್ದೆವು. ಆಗ ಒಂದು ಪೊರೆಯು ಗಾಳಿಯನ್ನು ತಳ್ಳುವ ಕ್ಷಣದಲ್ಲಿಯೇ ಇನ್ನೊಂದು ಪೊರೆಯು ಅದನ್ನು ಹೀರಿಕೊಳ್ಳುತ್ತದೆ. ಅಲೆಯು 7 ಮೀಟರು ಉದ್ದವಿದ್ದು ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿರುವುದರಿಂದ ಒಂದು ಮಾಡಿದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಸಭೆಗೆ ಉಳಿಯುವುದು ತೆಳುವಾದ ನಾದ. ಯಂತ್ರದ ಬಲವನ್ನು ಎಷ್ಟೇ ಹೆಚ್ಚಿಸಿದರೂ ಅಳಿಸುವ ಬಲವೂ ಅಷ್ಟೇ ಹೆಚ್ಚುವುದು.

ತೆರೆದ ಧ್ವನಿವರ್ಧಕವಾದರೆ ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಕ್ಷಣಮಾತ್ರ ಮುಟ್ಟಿಸಿ, ಪೊರೆಯು ಮುಂದಕ್ಕೆ ಬಂದಿತೋ ಹಿಂದಕ್ಕೆ ಹೋಯಿತೋ ಎಂದು ನೋಡಬಹುದು. ಮಡಿಸಿದ ಕಹಳೆಯಲ್ಲಿ ಪೊರೆಯು ಒಳಗೆ ಅಡಗಿರುವುದರಿಂದ ಕಿವಿಯೇ ಪ್ರಮಾಣ. ಎರಡು ಪೆಟ್ಟಿಗೆಗಳಲ್ಲಿಯೂ ಒಂದೇ ಮಂದ್ರಸ್ವರವನ್ನು ಮೆಲ್ಲನೆ ನುಡಿಸಿ ಆಲಿಸಬೇಕು. ಬಳಿಕ ಯಂತ್ರವನ್ನು ಆರಿಸಿ, ಒಂದು ಪೆಟ್ಟಿಗೆಯ ತಂತಿಗಳನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ಆಲಿಸಬೇಕು. ಯಾವ ಜೋಡಣೆಯಲ್ಲಿ ನಾದವು ತುಂಬಿ ಬರುವುದೋ ಅದೇ ಸರಿಯಾದುದು. ಆ ಹುಡುಗನು ಮಾಡಿದ್ದು ಇಷ್ಟೇ. ಮದ್ದಳೆಯು ಕೊನೆಯ ಬೆಂಚಿನವರೆಗೂ ಕೇಳಿಸಿತು; ನಾವು ಎಣಿಸಿದ ಹಣವು ಸಂಘದ ಪೆಟ್ಟಿಗೆಗೇ ಹಿಂದಿರುಗಿತು.

ತಂತಿಯ ದಪ್ಪವನ್ನೂ ಅಲಕ್ಷಿಸಬಾರದು. ಯಂತ್ರವು 20 ಮೀಟರು ದೂರವಿದ್ದರೆ ಪ್ರವಾಹವು ಹೋಗಿಬರುವ ತಾಮ್ರದ ದಾರಿ 40 ಮೀಟರು. ತಂತಿಯು 0.75 ಚದರ ಮಿಲಿಮೀಟರಿನದಾದರೆ ಅದರದೇ ತಡೆಯು ಸುಮಾರು 0.9 ಓಮ್. 4 ಓಮಿನ ಪೆಟ್ಟಿಗೆಗೆ ಕಳುಹಿಸಿದ 100 ವಾಟುಗಳಲ್ಲಿ ಸುಮಾರು 19 ತಂತಿಯಲ್ಲಿಯೇ ಬಿಸಿಯಾಗಿ ಕಳೆದುಹೋಗುವುವು. 2.5 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟವು ಸುಮಾರು 6 ವಾಟು ಮಾತ್ರ.

ಕಹಳೆಗೆ ತನ್ನದೇ ಆದ ಒಂದು ಕೆಳಮೇರೆಯೂ ಉಂಟು. ಅದಕ್ಕಿಂತ ಕೆಳಗಿನ ಸ್ವರವು ಬಂದಾಗ ಗಾಳಿಯ ಹಿಡಿತವು ತಪ್ಪಿ, ಪೊರೆಯು ಅಂಕೆಯಿಲ್ಲದೆ ಓಲಾಡಿ ಕೆಡಬಹುದು. ಆದುದರಿಂದ ಆ ಮೇರೆಗಿಂತ ಕೆಳಗಿನ ಸ್ವರಗಳನ್ನು ತಡೆಯುವ ಫಿಲ್ಟರನ್ನು ಯಂತ್ರದಲ್ಲಿ ಹೊಂದಿಸಿಕೊಳ್ಳತಕ್ಕದ್ದು.

ಕೆಲಸದ ಕ್ರಮವನ್ನು ನೆನಪಿಡಬೇಕು. ಮೊದಲು ಯಂತ್ರವನ್ನು ಆರಿಸಿ ಪ್ಲಗ್ಗನ್ನು ಕೀಳುವುದು. ಓಮುಗಳ ಲೆಕ್ಕವನ್ನು ಕಾಗದದ ಮೇಲೆ ಮಾಡುವುದು. ಧನಕ್ಕೆ ಧನ, ಋಣಕ್ಕೆ ಋಣವೆಂದು ಜೋಡಿಸುವುದು. ಬಿಡಿ ಎಳೆಗಳು ಒಂದಕ್ಕೊಂದು ತಾಗದಂತೆ ನೋಡುವುದು. ಗುಂಡಿಯನ್ನು ಸೊನ್ನೆಗೆ ತಂದು ಆಮೇಲೆ ವಿದ್ಯುತ್ತನ್ನು ಕೊಡುವುದು. ದೊಡ್ಡ ಆಂಪ್ಲಿಫಾಯರಿನ ಹೊರಬಾಯಿಯಲ್ಲಿಯೂ ಕೈಗೆ ಹೊಡೆಯುವಷ್ಟು ವೋಲ್ಟು ಇರಬಲ್ಲುದು. ಹಿರಿಯರಿಲ್ಲದಾಗ ಮಕ್ಕಳು ಇದಕ್ಕೆ ಕೈಹಾಕಲಾಗದು.

ಪೋಷಕರಿಗೂ ಒಂದು ಮಾತು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ತಜ್ಞರು ಗೊತ್ತುಮಾಡಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿಯು ಅರ್ಧವಾಗುತ್ತ ಹೋಗಿ 100 ಡೆಸಿಬೆಲಿಗೆ ಕೇವಲ 15 ನಿಮಿಷವಾಗುವುದು. ಆದಕಾರಣ ಚಿಕ್ಕ ಮಕ್ಕಳನ್ನು ಪೆಟ್ಟಿಗೆಯ ಎದುರಿಗೆ ಕೂರಿಸಬಾರದು.

ಆ ಹುಡುಗನಲ್ಲಿ ಇದ್ದುದು ಯಾವ ಗುಟ್ಟಿನ ವಿದ್ಯೆಯೂ ಅಲ್ಲ. ತರಗತಿಯಲ್ಲಿ ಕನ್ನಡದಲ್ಲಿ ಕಲಿತ ಓಮನ ನಿಯಮ ಮತ್ತು ಅಲೆಗಳ ಪಾಠ. ಯಂತ್ರದ ಮೇಲಿನ ಬರಹವು ಯಾವ ಭಾಷೆಯಲ್ಲಿದ್ದರೂ ಒಳಗಿನ ನಿಯಮವು ಅವನಿಗೆ ತಾಯಿನುಡಿಯಲ್ಲಿಯೇ ತಿಳಿದಿತ್ತು. ಮುಂದಿನ ವಾರ್ಷಿಕೋತ್ಸವದಲ್ಲಿ ತಂತಿಯನ್ನು ಹಿಡಿಯುವ ಮೊದಲು ನಾವೆಲ್ಲರೂ ಪೆನ್ಸಿಲನ್ನು ಹಿಡಿಯೋಣ.