ಆಂಗ್ಲಭಾಷೆಯ ‘ರಿವೋಕ್’ ಕ್ರಿಯಾಪದ: ಅರ್ಥ ಮತ್ತು ಪ್ರಯೋಗ

ಕೊಟ್ಟುದನ್ನು ಮರಳಿ ಪಡೆಯುವ ಕ್ರಿಯೆಗೆ ಕನ್ನಡ ವಿದ್ಯಾರ್ಥಿಗೆ ಮೊದಲು ತೋಚುವ ಮಾತು ‘ಹಿಂತೆಗೆದುಕೊಳ್ಳು’. ಬ್ಯಾಂಕಿನ ಹಣ, ಆಡಿದ ಮಾತು, ಅಧಿಕಾರಿಯ ಆಜ್ಞೆ, ಶಾಸನಸಭೆಯ ಕಾಯಿದೆ, ಎಲ್ಲಕ್ಕೂ ಅದೊಂದೇ ಸಾಕು. ಆಂಗ್ಲಭಾಷೆಯಲ್ಲಿ ಹಾಗಲ್ಲ. ಹಣಕ್ಕೆ ‘ವಿತ್‌ಡ್ರಾ’, ಹೇಳಿಕೆಗೆ ‘ರಿಟ್ರ್ಯಾಕ್ಟ್’, ಕಾಯಿದೆಗೆ ‘ರಿಪೀಲ್’. ಪರವಾನಗಿ, ಅಧಿಕಾರಪತ್ರ, ಉಯಿಲುಗಳಿಗೆ ‘ರಿವೋಕ್’. ಬ್ಯಾಂಕಿನಲ್ಲಿ ಹಣವನ್ನು ‘ರಿವೋಕ್’ ಮಾಡಿದೆನೆಂದು ಬರೆದ ವಿದ್ಯಾರ್ಥಿಯ ವಾಕ್ಯರಚನೆ ಸರಿಯಾಗಿಯೇ ಇರಬಹುದು. ಇಲ್ಲದಿರುವುದು ನಮ್ಮ ಶಾಸ್ತ್ರಕಾರರು ಹೇಳುವ ‘ಯೋಗ್ಯತೆ’. ಬೆಂಕಿಯಿಂದ ತೋಯಿಸಿದನೆಂಬ ವಾಕ್ಯದ ದೋಷವೇ ಇಲ್ಲಿಯೂ ಇದೆ.

ಈ ಭೇದಕ್ಕೆ ಕಾರಣ ಧಾತುವಿನಲ್ಲಿದೆ. ಲ್ಯಾಟಿನ್ನಿನ ‘ರೆ’ ಎಂದರೆ ಹಿಂದಕ್ಕೆ, ‘ವೊಕಾರೆ’ ಎಂದರೆ ಕರೆಯುವುದು. ಈ ‘ವೊಕಾರೆ’ಯೂ ಸಂಸ್ಕೃತದ ‘ವಚ್’ ಧಾತುವೂ ಒಂದೇ ಮೂಲದಿಂದ ಬಂದವು. ‘ವಾಕ್’, ‘ವಚನ’ ಶಬ್ದಗಳಿಗೆ ಇದು ದೂರದ ದಾಯಾದಿ. ಆದುದರಿಂದ ಮಾತಿನಿಂದಲೋ ಬರಹದಿಂದಲೋ ಜಾರಿಗೆ ಬಂದುದನ್ನು ಮಾತ್ರ ‘ರಿವೋಕ್’ ಮಾಡುವುದು ಸಾಧ್ಯ. ಹಾಗೆ ಮಾಡುವವನೂ ಸಾಮಾನ್ಯವಾಗಿ ಅದನ್ನು ಕೊಟ್ಟವನೇ, ಇಲ್ಲವೇ ಅವನಿಗಿಂತ ಮೇಲಿನ ಅಧಿಕಾರಿ. ನಾಮರೂಪವಾದ ‘ರೆವೊಕೇಶನ್’ನಲ್ಲಿ ‘ಕೆ’ ಅಕ್ಷರ ಹೋಗಿ ‘ಸಿ’ ಬರುವುದನ್ನು ಅಧ್ಯಾಪಕರು ಹಲಗೆಯ ಮೇಲೆ ಬರೆದು ತೋರಿಸಬೇಕು.

ಶಬ್ದದ ನಿಜವಾದ ಭಾರ ತಿಳಿಯುವುದು ನ್ಯಾಯಶಾಸ್ತ್ರದಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 62ನೆಯ ಕಲಮಿನಂತೆ ಉಯಿಲು ಬರೆದವನು ಉಯಿಲು ಮಾಡುವ ಸಾಮರ್ಥ್ಯ ಉಳಿದಿರುವವರೆಗೆ ಅದನ್ನು ಯಾವಾಗ ಬೇಕಾದರೂ ‘ರಿವೋಕ್’ ಮಾಡಬಹುದು. ದಾನಪತ್ರದ ಗತಿ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 126ನೆಯ ಕಲಮು ದಾನಿಯ ಇಚ್ಛೆ ಮಾತ್ರದಿಂದ ದಾನ ಮರಳುವುದನ್ನು ಒಪ್ಪುವುದಿಲ್ಲ. ದಾನಿಯ ಕೈಯಲ್ಲಿಲ್ಲದ ಯಾವುದಾದರೊಂದು ಸಂಗತಿ ಘಟಿಸಿದರೆ ಮರಳಬೇಕೆಂದು ಉಭಯರೂ ಒಪ್ಪಿದ್ದರೆ ಆ ಮಾತು ಬೇರೆ. ಇವೆರಡೂ ಒಂದೇ ಎಂದು ಭಾವಿಸಿ ಮಕ್ಕಳ ಹೆಸರಿಗೆ ದಾನಪತ್ರ ಬರೆದುಕೊಟ್ಟ ವೃದ್ಧರಿಗೆ ಈ ಒಂದು ಕ್ರಿಯಾಪದದ ಬೆಲೆ ಮನೆಯ ಬೆಲೆಯಷ್ಟೇ ಆದೀತು! ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಸ್ವತ್ತಿಗೆ ಸಂಬಂಧಿಸಿ, ಷರತ್ತು ಮುರಿದಾಗ ಹಿರಿಯರಿಗೆ ಪರಿಹಾರವೀಯುವ 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಲ್ಲಿಯೂ ‘ರಿವೋಕ್’ ಎಂದಿಲ್ಲ; ವರ್ಗಾವಣೆಯನ್ನು ಶೂನ್ಯವೆಂದು ಘೋಷಿಸುವ ಮಾತಿದೆ.

ಇದರ ನಿಷೇಧರೂಪ ‘ಇರ್ರೆವೊಕಬಲ್’, ಅಂದರೆ ಹಿಂದಕ್ಕೆ ಕರೆಯಲಾಗದುದು. ಫ್ರಾನ್ಸಿನ ನಾಲ್ಕನೆಯ ಹೆನ್ರಿಯು 1598ರಲ್ಲಿ ನಾಂತ್ ಪಟ್ಟಣದಲ್ಲಿ ಪ್ರಾಟೆಸ್ಟಂಟರಿಗೆ ಹಕ್ಕುಗಳನ್ನಿತ್ತ ರಾಜಶಾಸನವು ತನ್ನನ್ನು ಹೀಗೆಯೇ ವರ್ಣಿಸಿಕೊಂಡಿತ್ತು. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ 1685ರಲ್ಲಿ ಅದನ್ನು ‘ರಿವೋಕ್’ ಮಾಡಿದನು. ಸುಮಾರು 2 ಲಕ್ಷ ಜನ ದೇಶ ಬಿಟ್ಟರೆಂದು ಅಂದಾಜು.

ಕನ್ನಡಕ್ಕೆ ತರುವಾಗ ಉಯಿಲು, ಪರವಾನಗಿಗಳಿಗೆ ‘ರದ್ದುಪಡಿಸು’ ಎಂಬುದೇ ಹೊಂದುತ್ತದೆ. ಅರಬ್ಬೀ ಮೂಲದ ‘ರದ್ದು’ ಶಬ್ದಕ್ಕೂ ಹಿಂದಿರುಗಿಸುವುದೆಂಬ ಅರ್ಥವುಂಟು.